ಓದುಗರ ಪ್ರಶ್ನೆ, ನಮ್ಮ ಉತ್ತರ: ಮಡಗಾಸ್ಕರದ ಕಾಡು, ಜನ, ಬೇಸಾಯ

ಮಡಗಾಸ್ಕರ ದ್ವೀಪವನ್ನು ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನಕ್ಕೆ ಕಾಸರಗೋಡು ಜಿಲ್ಲೆಯ ಹಲವು ಊರುಗಳಿಂದ ಪತ್ರಗಳು ಬಂದಿವೆ. ಆಫ್ರಿಕದ ಆಗ್ನೇಯ ಕರಾವಳಿಯ ಆಚೆಗಿರುವ, ಕರ್ನಾಟಕದ ಮೂರು ಪಟ್ಟು ವಿಸ್ತಾರವುಳ್ಳ ಈ ದ್ವೀಪದ ಬಗ್ಗೆ ಓದುಗರು ಕೇಳಿರುವ ಪ್ರಶ್ನೆಗಳಲ್ಲಿ ಹೆಚ್ಚಿನವು ನಮ್ಮದೇ ಹೊಳೆ, ತೋಟ, ಅಂಗಳಗಳಿಂದ ಹುಟ್ಟಿದವು. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಮಡಗಾಸ್ಕರವು ಒಂದು ಕಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡಿತ್ತು ಎಂದು ಬರೆದಿದ್ದೀರಿ. ನಮ್ಮ ಹೊಳೆಯ ಕರಿಮೀನಿಗೆ ಅಲ್ಲಿ ನೆಂಟರಿದ್ದಾರೆ ಎನ್ನುವುದು ನಿಜವೇ? ಹಾಗಿದ್ದರೆ ಅಲ್ಲಿನ ಕೋತಿಯಂಥ ಲೀಮರುಗಳು ನಮ್ಮಲ್ಲೇಕೆ ಇಲ್ಲ?
(ಕುಂಬಳೆಯ ಓದುಗರೊಬ್ಬರು)

ಉತ್ತರ: ನಂಟು ನಿಜ, ಆದರೆ ಅದು ಬೆಳೆದ ಬಗೆಯ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಸುಮಾರು 16 ಕೋಟಿ ವರ್ಷಗಳ ಹಿಂದೆ ಆಫ್ರಿಕದಿಂದ ಬೇರ್ಪಡುವಾಗ ಭಾರತವೂ ಮಡಗಾಸ್ಕರವೂ ಒಟ್ಟಿಗೇ ಇದ್ದವು. ಅವೆರಡೂ ಒಂದನ್ನೊಂದು ಅಗಲಿದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ. ಆ ಬಿರುಕಿನ ಕಾಲದ ಜ್ವಾಲಾಮುಖಿ ಶಿಲೆಯನ್ನು ನೋಡಲು ಬಹಳ ದೂರ ಹೋಗಬೇಕಾಗಿಲ್ಲ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬಕಂಬಗಳಾಗಿ ನಿಂತಿರುವ ಬಂಡೆಗಳು ಅದೇ ಘಟನೆಗೆ ಸೇರಿದವು ಎಂದು ಭೂವಿಜ್ಞಾನಿಗಳು ಗುರುತಿಸಿದ್ದಾರೆ.

ಚಂದ್ರಗಿರಿಯ ಅಳಿವೆಯಲ್ಲಿ ಸಿಗುವ ಕರಿಮೀನಿನ ಗುಂಪಿಗೆ ಅತ್ಯಂತ ಹತ್ತಿರದ ಸಂಬಂಧಿಗಳು ಮಡಗಾಸ್ಕರದ ಹೊಳೆ, ಕೆರೆಗಳಲ್ಲಿರುವ ಪ್ಯಾರೆಟ್ರೋಪ್ಲಸ್ ಎಂಬ ಮೀನುಗಳು. ಭೂಭಾಗಗಳು ಅಗಲಿದಾಗ ಮೀನುಗಳೂ ಅಗಲಿದವು ಎಂಬ ವಿವರಣೆ ಬಹುಕಾಲ ಚಾಲ್ತಿಯಲ್ಲಿತ್ತು. ಆದರೆ ಪಳೆಯುಳಿಕೆಗಳನ್ನೂ ವಂಶವಾಹಿಗಳನ್ನೂ ಒಟ್ಟಿಗೆ ಇಟ್ಟು ಲೆಕ್ಕ ಹಾಕಿದ ಇತ್ತೀಚಿನ ಕೆಲವು ಅಧ್ಯಯನಗಳ ಪ್ರಕಾರ ಈ ಮೀನುಗಳ ವಂಶವು ಆ ಅಗಲಿಕೆಗಿಂತ ಈಚಿನದು; ಅಂದರೆ ಅವು ಕಡಲು ದಾಟಿಯೇ ಬಂದಿರಬೇಕು. ಉಪ್ಪು ಬೆರೆತ ನೀರಿನಲ್ಲಿಯೂ ಬದುಕಬಲ್ಲ ಕರಿಮೀನನ್ನು ಬಲ್ಲವರಿಗೆ ಇದು ಅಸಂಭವವೆಂದು ತೋರಲಾರದು.

ಲೀಮರುಗಳ ಕತೆ ಇನ್ನೂ ಸ್ಪಷ್ಟವಾಗಿದೆ. ಅವುಗಳ ಪೂರ್ವಜರು ಆಫ್ರಿಕದಿಂದ, ಪ್ರವಾಹದಲ್ಲಿ ಕೊಚ್ಚಿಹೋದ ಮರಗಿಡಗಳ ಮೇಲೆ, 400 ಕಿಲೋಮೀಟರಿಗೂ ಅಗಲವಾದ ಮೊಜಾಂಬಿಕ್ ಕಾಲುವೆಯನ್ನು ದಾಟಿ ಬಂದವು ಎಂಬುದು ಈಗ ಹೆಚ್ಚಿನವರು ಒಪ್ಪುವ ಮಾತು. ಆ ಕಾಲದ ಸಮುದ್ರದ ಹರಿವು ಆಫ್ರಿಕದ ಕಡೆಯಿಂದ ದ್ವೀಪದ ಕಡೆಗಿತ್ತೆಂದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಆ ಹೊತ್ತಿಗೆ ಭಾರತವು ದೂರ ಸರಿದಾಗಿತ್ತು. ಆದ್ದರಿಂದ ನಮ್ಮಲ್ಲಿ ಲೀಮರುಗಳಿಲ್ಲ. ಆದರೆ ಪಶ್ಚಿಮಘಟ್ಟದ ಕಾಡುಪಾಪ ಅವುಗಳ ದೂರದ ಸಂಬಂಧಿ.

ಪ್ರಶ್ನೆ: ಮಡಗಾಸ್ಕರದ ಜನರು ಆಫ್ರಿಕನ್ನರಲ್ಲವೇ? ಅವರ ಪೂರ್ವಿಕರು ಇಂಡೋನೇಷ್ಯಾದಿಂದ ಬಂದರೆಂದು ಬರೆದಿರುವುದಕ್ಕೆ ಆಧಾರವೇನು?
(ಬದಿಯಡ್ಕದ ವಿದ್ಯಾರ್ಥಿನಿ)

ಉತ್ತರ: ಎರಡೂ ಕಡೆಯ ರಕ್ತ ಅವರಲ್ಲಿದೆ. ಮಡಗಾಸ್ಕರದವರು ಆಡುವ ಮಲಗಾಸಿ ಭಾಷೆಯ ಅತಿ ಹತ್ತಿರದ ಬಂಧುವಾದ ಮಾನ್ಯಾನ್ ಭಾಷೆಯನ್ನು ಆಡುವವರು ಬೋರ್ನಿಯೋ ದ್ವೀಪದ ಇಂಡೋನೇಷ್ಯಾ ಭಾಗದಲ್ಲಿರುವ ಬಾರಿಟೋ ನದಿಯ ದಂಡೆಯಲ್ಲಿದ್ದಾರೆ ಎಂಬುದನ್ನು ನಾರ್ವೆಯ ವಿದ್ವಾಂಸ ಒಟ್ಟೋ ದಾಲ್ 1951ರಲ್ಲಿಯೇ ತೋರಿಸಿಕೊಟ್ಟಿದ್ದರು. 2017ರಲ್ಲಿ, ದ್ವೀಪದ 257 ಹಳ್ಳಿಗಳಲ್ಲಿ ಸಂಗ್ರಹಿಸಿದ ಮಾದರಿಗಳ ವಂಶವಾಹಿ ಅಧ್ಯಯನ ಪ್ರಕಟವಾಯಿತು. ಪೂರ್ವ ಆಫ್ರಿಕದ ಬಂಟು ಜನರ ಮತ್ತು ಆಗ್ನೇಯ ಬೋರ್ನಿಯೋ ಜನರ ಅಂಶಗಳು ಇಡೀ ದ್ವೀಪದಲ್ಲಿ ಬೆರೆತಿವೆಯೆಂದೂ, ಅವುಗಳ ಪ್ರಮಾಣ ಮಾತ್ರ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆಯೆಂದೂ ಅದರಿಂದ ತಿಳಿಯಿತು.

ನಮ್ಮ ಮಟ್ಟಿಗೆ ಇದಕ್ಕಿಂತಲೂ ಮನಮುಟ್ಟುವ ಸಾಕ್ಷ್ಯ ಮಣ್ಣಿನಿಂದ ಬಂದುದು. ಹಳೆಯ ವಸತಿಯ ನೆಲೆಯಲ್ಲಿ ಅಗೆದ ಮಣ್ಣನ್ನು ನೀರಿಗೆ ಹಾಕಿ ಕದಡಿದರೆ, ಎಂದೋ ಒಲೆಯಲ್ಲಿ ಸುಟ್ಟು ಕರಿಯಾಗಿದ್ದ ಕಾಳುಗಳು ಹಗುರಾಗಿ ಮೇಲಕ್ಕೆ ತೇಲುತ್ತವೆ. ಅವುಗಳನ್ನು ಸೋಸಿ, ಒಣಗಿಸಿ, ಸೂಕ್ಷ್ಮದರ್ಶಕದಲ್ಲಿಟ್ಟು ಯಾವ ಬೆಳೆಯೆಂದು ಗುರುತಿಸುತ್ತಾರೆ. 2016ರಲ್ಲಿ ಪ್ರಕಟವಾದ ಇಂಥ ಅಧ್ಯಯನದ ಪ್ರಕಾರ, ಪೂರ್ವ ಆಫ್ರಿಕದ ಕರಾವಳಿಯ ನೆಲೆಗಳಲ್ಲಿ ಜೋಳ, ಸಜ್ಜೆ, ಅಲಸಂದೆಗಳಂತಹ ಆಫ್ರಿಕದ ಬೆಳೆಗಳೇ ಹೆಚ್ಚಾಗಿ ಸಿಕ್ಕಿದವು. ಮಡಗಾಸ್ಕರ ಮತ್ತು ಕೊಮೊರೊ ದ್ವೀಪಗಳ ಎಂಟರಿಂದ ಹತ್ತನೆಯ ಶತಮಾನದ ನೆಲೆಗಳಲ್ಲಿಯಾದರೋ ಭತ್ತ, ಹೆಸರುಕಾಳು, ಹತ್ತಿಗಳಂತಹ ಏಷ್ಯಾದ ಬೆಳೆಗಳು ಸಿಕ್ಕಿದವು. ಹೊಸ ನೆಲಕ್ಕೆ ಬಂದವರು ತಮ್ಮ ಊಟವನ್ನು ಬೀಜದ ರೂಪದಲ್ಲಿ ಜೊತೆಗೆ ತಂದಿದ್ದರು.

ಪ್ರಶ್ನೆ: ಆನೆಹಕ್ಕಿ ಎಂಬ ದೈತ್ಯ ಪಕ್ಷಿಯನ್ನು ಕೊಂದು ತಿಂದು ಮುಗಿಸಿದವರು ಈ ಜನರೇ ಅಲ್ಲವೇ? ಇಡೀ ದ್ವೀಪ ಮೊದಲು ಕಾಡಾಗಿತ್ತಂತಲ್ಲ?
(ಮುಳ್ಳೇರಿಯದ ಓದುಗರು)

ಉತ್ತರ: ಎರಡೂ ಮಾತುಗಳನ್ನು ಇಷ್ಟು ನೇರವಾಗಿ ಹೇಳುವಂತಿಲ್ಲ. ಆನೆಹಕ್ಕಿಯೂ, ಗೊರಿಲ್ಲಾದಷ್ಟು ದೊಡ್ಡ ಲೀಮರುಗಳೂ, ಕುಳ್ಳ ನೀರುಕುದುರೆಗಳೂ ಸುಮಾರು ಸಾವಿರ ವರ್ಷಗಳ ಹಿಂದೆ ಬಹಳ ಬೇಗ ಕಡಿಮೆಯಾದವು. ಆನೆಹಕ್ಕಿಯ ಎಲುಬಿನ ಮೇಲೆ ಕತ್ತಿಯ ಗುರುತುಗಳಿವೆ, ಅವು 10,500 ವರ್ಷ ಹಳೆಯವು ಎಂದು 2018ರ ಒಂದು ಲೇಖನ ವಾದಿಸಿತು. ಅದು ನಿಜವಾಗಿದ್ದರೆ ಮನುಷ್ಯರೂ ಆ ಪ್ರಾಣಿಗಳೂ ಸಾವಿರಾರು ವರ್ಷ ಜೊತೆಯಲ್ಲಿ ಬಾಳಿದವೆಂದಾಗುತ್ತದೆ. ಆದರೆ ಆ ಗುರುತುಗಳನ್ನು ಎಲ್ಲರೂ ಒಪ್ಪಿಲ್ಲ. ದನ ಸಾಕಣೆಯೂ ಬೇಸಾಯವೂ ಹರಡಿದ ಕಾಲಕ್ಕೂ ದೊಡ್ಡ ಪ್ರಾಣಿಗಳ ಕುಸಿತಕ್ಕೂ ತಾಳೆಯಾಗುವುದರಿಂದ, ಬೇಟೆಯೊಂದನ್ನೇ ದೂರುವುದಕ್ಕಿಂತ ಬದುಕಿನ ಕ್ರಮವೇ ಬದಲಾದುದನ್ನು ಕಾರಣವೆನ್ನುವ ವಿವರಣೆ ನಮಗೆ ಹೆಚ್ಚು ಸಮಂಜಸವೆನಿಸುತ್ತದೆ.

ಕಾಡಿನ ವಿಷಯದಲ್ಲಿ ಒಂದು ಗುಹೆ ಹೇಳುವುದನ್ನು ಕೇಳಬೇಕು. ವಾಯವ್ಯ ಭಾಗದ ಆಂಜೊಹಿಬೆ ಗುಹೆಯಲ್ಲಿ, ಮೇಲಿನಿಂದ ತೊಟ್ಟಿಕ್ಕುವ ನೀರಿನ ಸುಣ್ಣ ಪದರಪದರವಾಗಿ ಗಟ್ಟಿಯಾಗಿ ನೆಲದಿಂದ ಮೇಲಕ್ಕೆ ಬೆಳೆದ ಕಲ್ಲುಕಂಬಗಳಿವೆ. ಮೇಲಿನ ನೆಲದಲ್ಲಿ ಮರವಿತ್ತೇ ಹುಲ್ಲಿತ್ತೇ ಎಂಬುದು ಆ ಪದರಗಳ ಇಂಗಾಲದಲ್ಲಿಯೂ, ಮಳೆಯ ಏರಿಳಿತ ಆಮ್ಲಜನಕದಲ್ಲಿಯೂ ದಾಖಲಾಗಿರುತ್ತದೆ. ಕ್ರಿ.ಶ. 890ರ ಸುಮಾರಿಗೆ, ಒಂದು ಶತಮಾನದೊಳಗೆ, ಅಲ್ಲಿ ಮರಗಳ ಜಾಗವನ್ನು ಹುಲ್ಲು ಆಕ್ರಮಿಸಿತು. ಮಳೆ ಮಾತ್ರ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ಬೆಂಕಿಯೂ ದನ ಮೇಯಿಸಿದ್ದೂ ಇದಕ್ಕೆ ಕಾರಣವೆಂದು ಈ ಗುಹೆಯ ಅಧ್ಯಯನವನ್ನು 2016ರಲ್ಲಿ ಪ್ರಕಟಿಸಿದ ಸಂಶೋಧಕರು ಹೇಳಿದರು. ಆದರೆ ಒಂದು ಗುಹೆಯ ಸಾಕ್ಷ್ಯವನ್ನು ಇಡೀ ದ್ವೀಪಕ್ಕೆ ಅನ್ವಯಿಸಲಾಗದು. ನಡುವಿನ ಎತ್ತರದ ಸೀಮೆಯಲ್ಲಿ ಬೇರೆಲ್ಲಿಯೂ ಇಲ್ಲದ ಹುಲ್ಲಿನ ಜಾತಿಗಳಿವೆ. ಅಷ್ಟು ಜಾತಿಗಳು ರೂಪುಗೊಳ್ಳಲು ದೀರ್ಘಕಾಲ ಬೇಕಾದ್ದರಿಂದ, ಅಲ್ಲಿನ ಹುಲ್ಲುಗಾವಲುಗಳಲ್ಲಿ ಒಂದು ಭಾಗವಾದರೂ ಮನುಷ್ಯ ಅಲ್ಲಿಗೆ ಬಂದುದಕ್ಕಿಂತ ಹಳೆಯದು.

ಇದು ಹಳೆಯ ಕತೆಯಾಯಿತು. ಈಚಿನ ಕಾಡುನಾಶದಲ್ಲಿ ಮಾತ್ರ ಸಂದೇಹಕ್ಕೆ ಎಡೆಯಿಲ್ಲ: 1953ರಿಂದ 2014ರ ನಡುವೆ ದ್ವೀಪವು ತನ್ನ ಸಹಜ ಕಾಡಿನ ಶೇಕಡಾ 44ನ್ನು ಕಳೆದುಕೊಂಡಿತು. 2020ರ ಎಣಿಕೆಯಂತೆ 107 ಲೀಮರ್ ಜಾತಿಗಳಲ್ಲಿ 103 ಅಪಾಯದಲ್ಲಿವೆ.

ಪ್ರಶ್ನೆ: ನಮ್ಮ ಮನೆಯಂಗಳದ ನಿತ್ಯಪುಷ್ಪ ಮಡಗಾಸ್ಕರದ ಗಿಡವೇ?
(ಮಂಜೇಶ್ವರದ ಗೃಹಿಣಿ)

ಉತ್ತರ: ಹೌದು. ಬೇಸಗೆಯಲ್ಲಿ ಶಾಲೆಯ ಮೈದಾನವನ್ನು ಕೆಂಪಾಗಿಸುವ ಗುಲ್‌ಮೊಹರ್ ಕೂಡ ಅಲ್ಲಿಯದೇ. ನಿತ್ಯಪುಷ್ಪದ ಎಲೆಯಿಂದ 1950ರ ದಶಕದ ಕೊನೆಯಲ್ಲಿ ವಿನ್‌ಬ್ಲಾಸ್ಟಿನ್ ಎಂಬ ರಾಸಾಯನಿಕವನ್ನು ಬೇರ್ಪಡಿಸಲಾಯಿತು; ಅದೂ ಅದರ ಜೊತೆಯ ವಿನ್‌ಕ್ರಿಸ್ಟಿನ್ನೂ ಇಂದಿಗೂ ಕ್ಯಾನ್ಸರಿಗೆ, ಅದರಲ್ಲಿಯೂ ಮಕ್ಕಳ ರಕ್ತದ ಕ್ಯಾನ್ಸರಿಗೆ, ಬಳಕೆಯಲ್ಲಿರುವ ಔಷಧಗಳು. ಆದರೆ ಎಲೆಯಲ್ಲಿ ಇವುಗಳ ಪ್ರಮಾಣ ಅತ್ಯಲ್ಪ. ಅದಕ್ಕೆಂದೇ 2022ರಲ್ಲಿ, ಹಿಟ್ಟು ಹುದುಗಿಸುವ ಯೀಸ್ಟಿನ ವಂಶವಾಹಿಗಳನ್ನು ಮಾರ್ಪಡಿಸಿ ವಿನ್‌ಬ್ಲಾಸ್ಟಿನ್ನಿನ ಮೂಲ ಘಟಕಗಳನ್ನು ಅದರಿಂದಲೇ ತಯಾರಿಸುವ ವಿಧಾನವನ್ನು ಸಂಶೋಧಕರು ಪ್ರಕಟಿಸಿದರು. ಗಿಡದ ರಸ ವಿಷಕಾರಿಯಾದ್ದರಿಂದ ಮನೆಯಲ್ಲಿ ಕಷಾಯ ಮಾಡಿ ಕುಡಿಯುವುದು ಖಂಡಿತ ಸಲ್ಲದು.

ಪ್ರಶ್ನೆ: ಇಪ್ಪತ್ತು ವರ್ಷಗಳ ಹಿಂದೆ ನಾವು ಅಡಿಕೆ ತೋಟದಲ್ಲಿ ವೆನಿಲ್ಲಾ ಹಬ್ಬಿಸಿ, ಬೆಲೆ ಬಿದ್ದಾಗ ಕಿತ್ತೆಸೆದೆವು. ಮಡಗಾಸ್ಕರದ ರೈತರು ಈಗಲೂ ಅದನ್ನೇ ನಂಬಿಕೊಂಡಿರುವುದು ಹೇಗೆ? ಅದಕ್ಕಾಗಿ ಕಾಡು ಕಡಿಯುತ್ತಾರೆಯೇ?
(ಪೆರ್ಲದ ಕೃಷಿಕರು)

ಉತ್ತರ: ನಿಮ್ಮ ತೋಟದ ಬೆಲೆ ಏರಿದ್ದಕ್ಕೂ ಇಳಿದದ್ದಕ್ಕೂ ಆ ದ್ವೀಪವೇ ಮುಖ್ಯ ಕಾರಣ. ಈಶಾನ್ಯ ಮೂಲೆಯ ಸಾವಾ ಪ್ರಾಂತ್ಯದಲ್ಲಿ ಜಗತ್ತಿನ ವೆನಿಲ್ಲಾದ ಬಹುಪಾಲು ಬೆಳೆಯುತ್ತದೆ. 2000ದ ಏಪ್ರಿಲಿನಲ್ಲಿ ಹುಡಾ ಚಂಡಮಾರುತ ಅಲ್ಲಿಗೆ ಅಪ್ಪಳಿಸಿ ಬಳ್ಳಿಗಳು ನೆಲ ಕಚ್ಚಿದವು. ಮುಂದಿನ ವರ್ಷಗಳಲ್ಲಿ ಬೆಲೆ ಗಗನಕ್ಕೇರಿತು. ನಮ್ಮವರು ಬಳ್ಳಿ ನೆಟ್ಟು ಕೋಡು ಕೈಗೆ ಬರುವ ಹೊತ್ತಿಗೆ ಅವರ ಬೆಳೆ ಚೇತರಿಸಿಕೊಂಡಿತ್ತು, ಕೊಳ್ಳುವವರು ಕೃತಕ ಪರಿಮಳಕ್ಕೆ ತಿರುಗಿದ್ದರು. 2017ರ ಎನಾವೊ ಚಂಡಮಾರುತದ ಬಳಿಕವೂ ಬೆಲೆ ಅದೇ ರೀತಿ ಏರಿ, ಮತ್ತೆ ಕುಸಿಯಿತು.

ಕೆಲಸವಂತೂ ನೀವು ಮಾಡಿದ್ದೇ. ಮುಂಜಾನೆ ಅರಳಿ ಮಧ್ಯಾಹ್ನಕ್ಕೆ ಬಾಡುವ ಹೂವಿನ ಒಳಪೊರೆಯನ್ನು ಸಣ್ಣ ಕಡ್ಡಿಯಿಂದ ಎತ್ತಿ ಪರಾಗವನ್ನು ಒತ್ತುವ ಆ ವಿಧಾನವನ್ನು 1841ರಲ್ಲಿ ನೆರೆಯ ರಿಯೂನಿಯನ್ ದ್ವೀಪದಲ್ಲಿ ಕಂಡುಹಿಡಿದವನು ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಬಾಲಕ. ಬಲಿಯುವ ಮೊದಲೇ ಕೋಡು ಕಳವಾಗುವ ಭಯವೂ ಅಲ್ಲಿ ಇದೆ. ಅನೇಕರು ಹಸಿ ಕೋಡಿನ ಮೇಲೆ ಸೂಜಿಮೊನೆಗಳಿಂದ ತಮ್ಮ ಗುರುತನ್ನು ಚುಚ್ಚಿಡುತ್ತಾರೆ. ಒಣಗಿ ಕಪ್ಪಾದ ಮೇಲೂ ಆ ಗುರುತು ಉಳಿಯುತ್ತದೆ.

ಕಾಡಿನ ಪ್ರಶ್ನೆಗೆ ಉತ್ತರ, ತೋಟ ಎಲ್ಲಿ ಎದ್ದಿತು ಎಂಬುದನ್ನು ಅವಲಂಬಿಸಿದೆ. ಜರ್ಮನಿಯ ಗೋಟಿಂಗೆನ್ ವಿಶ್ವವಿದ್ಯಾಲಯದವರು ಮಲಗಾಸಿ ಸಂಶೋಧಕರೊಡನೆ ಸಾವಾದಲ್ಲಿ ನಡೆಸಿ, 2022ರಲ್ಲಿ ಪ್ರಕಟಿಸಿದ ಅಧ್ಯಯನಗಳು ಈ ಭೇದವನ್ನು ಬಿಡಿಸಿ ತೋರಿಸಿವೆ. ಅಲ್ಲಿ ತಾವಿ ಎಂಬ ಬೇಸಾಯ ಕ್ರಮವಿದೆ: ಕಾಡು ಕಡಿದು, ಸುಟ್ಟು, ಗುಡ್ಡದ ಭತ್ತ ಬೆಳೆದು, ಆಮೇಲೆ ನೆಲವನ್ನು ಪಾಳು ಬಿಡುವುದು. ನಮ್ಮ ಕಡೆಯ ಹಿಂದಿನ ಕುಮೇರಿಯನ್ನು ಬಲ್ಲವರಿಗೆ ಇದು ಹೊಸದಲ್ಲ. ಇರುವ ಕಾಡಿನ ಕೆಳಗಿಡಗಳನ್ನು ಸವರಿ ವೆನಿಲ್ಲಾ ಹಬ್ಬಿಸಿದರೆ ಆ ಕಾಡಿಗೇ ವಿಶಿಷ್ಟವಾದ ಜೀವಿಗಳು ಕಡಿಮೆಯಾಗುತ್ತವೆ; ಪಾಳುಬಿದ್ದ ನೆಲದಲ್ಲಿ ಮರ ಬೆಳೆಸಿ ಹಬ್ಬಿಸಿದರೆ ಹೋದ ಜೀವಿಗಳಲ್ಲಿ ಕೆಲವಾದರೂ ಹಿಂದಿರುಗುತ್ತವೆ. ಅದಕ್ಕಿಂತ ಮುಖ್ಯವಾದುದು, ಮರ, ಹಕ್ಕಿ, ಕಪ್ಪೆ, ಇರುವೆಗಳ ವೈವಿಧ್ಯ ಹೆಚ್ಚಿರುವ ತೋಟದಲ್ಲಿ ಇಳುವರಿ ಕಡಿಮೆಯಾಗಲಿಲ್ಲ ಎಂಬ ಅವರ ಕಾಣ್ಕೆ. ಹಾಗಿದ್ದರೂ ಬೆಲೆ ಹೀಗೆ ಏರಿಳಿಯುವವರೆಗೆ ಪಾಳು ನೆಲದ ಮರ ಬೆಳೆಯಲೆಂದು ವರ್ಷಗಟ್ಟಲೆ ಕಾಯುವ ಧೈರ್ಯ ಬಡ ರೈತನಿಗೆ ಬರುವುದು ಕಷ್ಟ. ಕಾಡಿಗೆ ನುಗ್ಗಿದನೆಂದು ಅವನನ್ನೊಬ್ಬನನ್ನೇ ದೂರುವುದು ನ್ಯಾಯವಲ್ಲ.

ಪ್ರಶ್ನೆ: ಭಾರತದ ಕಪ್ಪೆಯೊಂದು ಅಲ್ಲಿನ ಹಾವುಗಳನ್ನು ಕೊಲ್ಲುತ್ತಿದೆ ಎಂದು ಕೇಳಿದೆ. ಯಾವುದದು?
(ಉಪ್ಪಳದ ವಿದ್ಯಾರ್ಥಿ)

ಉತ್ತರ: ಮಳೆಗಾಲದ ರಾತ್ರಿ ದೀಪದ ಕೆಳಗೆ ಹುಳ ಹಿಡಿಯಲು ಕುಳಿತಿರುವ, ಮೈತುಂಬ ಗಂಟುಗಳಿರುವ ನೆಲಗಪ್ಪೆಯ ಜಾತಿಯದೇ. ಆದರೆ ಅಲ್ಲಿಗೆ ಹೋದವು ಭಾರತದವಲ್ಲ. ವಂಶವಾಹಿ ಪರೀಕ್ಷೆಯ ಪ್ರಕಾರ ಅವುಗಳ ಮೂಲ ವಿಯೆಟ್ನಾಂ, ಕಾಂಬೋಡಿಯಾಗಳ ಕಡೆಯದು. ಪೂರ್ವ ಕರಾವಳಿಯ ತೋಮಾಸಿನಾ ಬಂದರಿನ ಸುತ್ತ ಅವು ಹರಡಿರುವುದು 2014ರಲ್ಲಿ ಬೆಳಕಿಗೆ ಬಂತು. ಇದರ ಚರ್ಮದ ವಿಷವು ಹೃದಯದ ಜೀವಕೋಶಗಳಲ್ಲಿ ಸೋಡಿಯಂ, ಪೊಟಾಸಿಯಂಗಳನ್ನು ಸಾಗಿಸುವ ಪ್ರೋಟೀನನ್ನು ಕಟ್ಟಿಹಾಕುತ್ತದೆ. ಇಂಥ ಕಪ್ಪೆಗಳೊಡನೆ ಬೆಳೆದು ಬಂದ ಏಷ್ಯಾದ ಹಲವು ಹಾವುಗಳಲ್ಲಿ ಆ ಪ್ರೋಟೀನು ಸ್ವಲ್ಪ ಬದಲಾಗಿದೆ. ಆದ್ದರಿಂದ ಅವು ತಿಂದರೂ ಸಾಯುವುದಿಲ್ಲ. ಮಡಗಾಸ್ಕರದಲ್ಲಿ ಮೊದಲು ಇಂಥ ಕಪ್ಪೆಯೇ ಇರಲಿಲ್ಲ. ಅಲ್ಲಿನ ಹಾವು, ಹಲ್ಲಿ, ಹಕ್ಕಿ, ಸಸ್ತನಿಗಳ ಹತ್ತಾರು ಜಾತಿಗಳ ವಂಶವಾಹಿಯನ್ನು 2018ರಲ್ಲಿ ಪರಿಶೀಲಿಸಿದಾಗ ಇಲಿಯ ಬಳಗದ ಒಂದು ದಂಶಕದ ಹೊರತು ಬೇರೆ ಯಾವುದರಲ್ಲಿಯೂ ಆ ಬದಲಾವಣೆ ಕಾಣಲಿಲ್ಲ. ಬೇಟೆಯಾಡುವ ಪ್ರಾಣಿಗಳ ಮೇಲೆ ಇದರ ಪರಿಣಾಮ ಎಷ್ಟು ಎಂಬುದನ್ನು ಬಂದರಿನ ಸುತ್ತಲಿನ ಹಳ್ಳಿಗಳಲ್ಲಿ ಅಳೆಯುವ ಕೆಲಸ ಇನ್ನೂ ಬಹಳಷ್ಟು ಉಳಿದಿದೆ. ಕಪ್ಪೆ ಈಗಾಗಲೇ ವಿಶಾಲವಾಗಿ ಹರಡಿರುವುದರಿಂದ ಅದನ್ನು ಪೂರ್ತಿಯಾಗಿ ನಿವಾರಿಸುವುದು ಬಹಳ ಕಷ್ಟವೆಂದೇ ತಜ್ಞರು ಹೇಳುತ್ತಾರೆ.