ಮದುವೆಯ ಬಜೆಟ್: ಖರ್ಚಿನ ಪಟ್ಟಿಗಿಂತ ಮೊದಲು ಬರೆಯಬೇಕಾದ ಎರಡು ಅಂಕಿಗಳು

ಪ್ರಶ್ನೆ: ಇನ್ನು ಎಂಟು ತಿಂಗಳಿಗೆ ನನ್ನ ಮದುವೆ. ನಾವಿಬ್ಬರೂ ದುಡಿಯುತ್ತಿದ್ದೇವೆ. ಎರಡೂ ಕಡೆಯ ಹೆತ್ತವರು ಸ್ವಲ್ಪ ಹಣ ಕೊಡುವುದಾಗಿ ಹೇಳಿದ್ದಾರೆ. ಖರ್ಚಿನ ಪಟ್ಟಿಯನ್ನು ಎಷ್ಟು ಸಲ ಬರೆದರೂ ಮೊತ್ತ ಹಿಂದಿನದಕ್ಕಿಂತ ಹೆಚ್ಚೇ ಬರುತ್ತಿದೆ. ನಿಜವಾಗಿ ಪಾಲಿಸಬಹುದಾದ ಬಜೆಟ್ ಮಾಡುವುದು ಹೇಗೆ? ಕೊರತೆ ಬಿದ್ದರೆ ಸಾಲ ತೆಗೆದುಕೊಳ್ಳಬಹುದೆ?

ಉತ್ತರ: ನಿಮ್ಮ ಪಟ್ಟಿ ಬೆಳೆಯುತ್ತಿರುವುದಕ್ಕೆ ಕಾರಣ, ನೀವು ಖರ್ಚಿನಿಂದ ಆರಂಭಿಸಿರುವುದು. ಬೇಕೆನಿಸಿದ್ದನ್ನೆಲ್ಲ ಬರೆದು ಕೂಡುತ್ತ ಹೋದರೆ ಆ ಮೊತ್ತಕ್ಕೆ ಮಿತಿ ಎಂಬುದು ಇರುವುದಿಲ್ಲ. ಆ ಪಟ್ಟಿಯನ್ನು ಸದ್ಯಕ್ಕೆ ಬದಿಗಿಟ್ಟು, ಮೊದಲು ಎರಡು ಅಂಕಿಗಳನ್ನು ನಿರ್ಧರಿಸಿ. ಒಂದು, ಖರ್ಚು ಮಾಡಲು ನಿಮ್ಮಲ್ಲಿ ನಿಜವಾಗಿ ಇರುವ ಹಣ. ಇನ್ನೊಂದು, ಬರುವ ಅತಿಥಿಗಳ ಸಂಖ್ಯೆ. ಉಳಿದೆಲ್ಲವೂ ಇವೆರಡನ್ನು ಅವಲಂಬಿಸಿರುತ್ತದೆ.

ಹಣದ ಲೆಕ್ಕದಲ್ಲಿ ನಿಮ್ಮ ಉಳಿತಾಯವನ್ನು ಪೂರ್ತಿಯಾಗಿ ಸೇರಿಸಬೇಡಿ. ಕೆಲಸ ಹೋದರೆ ಅಥವಾ ಕಾಯಿಲೆ ಬಂದರೆ ಬೇಕಾಗುವ, ಕನಿಷ್ಠ ಮೂರು ತಿಂಗಳ ಮನೆಖರ್ಚಿನಷ್ಟು ಹಣವನ್ನು ತೆಗೆದಿಟ್ಟು, ಮಿಕ್ಕಿದ್ದನ್ನು ಮಾತ್ರ ಬರೆಯಿರಿ. ಇಬ್ಬರೂ ಸೇರಿ ತಿಂಗಳಿಗೆ ಎಷ್ಟು ಉಳಿಸಬಲ್ಲಿರಿ ಎಂಬುದನ್ನು ಕಳೆದ ಕೆಲವು ತಿಂಗಳ ಬ್ಯಾಂಕ್ ಖಾತೆಯ ವಿವರ ನೋಡಿ ತಿಳಿಯಿರಿ. ಇನ್ನು ಮುಂದೆ ಹೆಚ್ಚು ಉಳಿಸುತ್ತೇವೆ ಎಂಬ ಸಂಕಲ್ಪವನ್ನು ನಂಬಿ ಅಂಕಿ ಬರೆಯಬೇಡಿ. ಹಾಗೆ ಬಂದ ಮೊತ್ತವನ್ನು ಎಂಟರಿಂದಲ್ಲ, ಆರು ಅಥವಾ ಏಳರಿಂದ ಗುಣಿಸಿ, ಏಕೆಂದರೆ ದೊಡ್ಡ ಬಾಕಿಗಳನ್ನು ಸಾಮಾನ್ಯವಾಗಿ ಮದುವೆಯ ದಿನಕ್ಕೆ ಮೊದಲೇ ತೀರಿಸಬೇಕಾಗುತ್ತದೆ.

ಹೆತ್ತವರು ಕೊಡುವ ‘ಸ್ವಲ್ಪ’ ಹಣವನ್ನು ಬಜೆಟ್ಟಿನಲ್ಲಿ ಬರೆಯಲಾಗದು. ಎಷ್ಟು, ಯಾವಾಗ ಎಂಬುದನ್ನು ಗೌರವದಿಂದ, ಆದರೆ ಸ್ಪಷ್ಟವಾಗಿ ಕೇಳಿ. ಅದರ ಜೊತೆಗೆ ಏನನ್ನು ನಿರೀಕ್ಷಿಸುತ್ತಿದ್ದಾರೆ ಎಂಬುದನ್ನೂ ಕೇಳಿ ತಿಳಿದುಕೊಳ್ಳಿ. ತಮ್ಮ ಬಳಗದ ನೂರು ಜನರನ್ನು ಕರೆಯಬೇಕೆಂಬ ಬಯಕೆಯೊಂದಿಗೆ ಹಣ ಕೊಟ್ಟಿದ್ದರೆ, ಆ ಹಣದ ಬಹುಭಾಗ ಆ ನೂರು ಜನರಿಗೇ ಸಲ್ಲುತ್ತದೆ. ಈ ಮಾತುಕತೆ ಮುಜುಗರದ್ದು ಎಂಬುದು ನನಗೆ ಗೊತ್ತಿದೆ. ಆದರೂ ಸಭಾಂಗಣಕ್ಕೆ ಮುಂಗಡ ಕೊಟ್ಟ ಮೇಲೆ ಮನಸ್ತಾಪಕ್ಕೆ ಗುರಿಯಾಗುವುದಕ್ಕಿಂತ ಇಂದೇ ಮಾತಾಡಿ ಮುಗಿಸುವುದು ಎಷ್ಟೋ ಮೇಲು. ಉಡುಗೊರೆಯಾಗಿ ಬರಬಹುದಾದ ಹಣವನ್ನು ಲೆಕ್ಕಕ್ಕೆ ಹಿಡಿಯಲೇಬೇಡಿ.

ಇನ್ನು ಅತಿಥಿಗಳ ವಿಷಯ. ಎಲ್ಲಕ್ಕಿಂತ ಹೆಚ್ಚು ಸಮಯವನ್ನು ಇದಕ್ಕೇ ಕೊಡಿ ಎಂಬುದು ನನ್ನ ಸಲಹೆ. ಊಟ, ಆಸನ, ವಸತಿ, ಪ್ರಯಾಣ, ಆಮಂತ್ರಣ, ಇವೆಲ್ಲ ತಲೆಯ ಲೆಕ್ಕದಲ್ಲಿ ಏರುವ ಖರ್ಚುಗಳು. ಛಾಯಾಗ್ರಹಣ, ಉಡುಪು, ವೇದಿಕೆ ಮುಂತಾದವು ಜನ ಎಷ್ಟೇ ಬಂದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. ಒಟ್ಟು ಖರ್ಚಿನ ಶೇ. 60ರಷ್ಟು ಮೊದಲ ಬಗೆಯದೆಂದು ಇಟ್ಟುಕೊಳ್ಳಿ. ಆಗ ಅತಿಥಿಗಳನ್ನು ಐದರಲ್ಲೊಂದು ಪಾಲು ಕಡಿಮೆ ಮಾಡಿದರೆ ಒಟ್ಟು ಖರ್ಚಿನಲ್ಲಿ ಶೇ. 12 ಉಳಿಯುತ್ತದೆ; ಅದೇ ಶೇ. 5ರಷ್ಟಿರುವ ಅಲಂಕಾರವನ್ನು ಅರ್ಧಕ್ಕೆ ಇಳಿಸಿದರೂ ಉಳಿಯುವುದು ಶೇ. 2.5 ಮಾತ್ರ. ಹೂವಿಗೂ ದೀಪಕ್ಕೂ ಚೌಕಾಶಿ ಮಾಡಿ ದಣಿಯುವವರು ಪಟ್ಟಿಯ ಹೆಸರುಗಳನ್ನು ಮುಟ್ಟಲು ಮಾತ್ರ ಹಿಂಜರಿಯುತ್ತಾರೆ. ಸಭಾಂಗಣದ ಬಾಡಿಗೆಯಂತೂ ಮೆಟ್ಟಿಲಿನ ಹಾಗೆ ಏರುತ್ತದೆ: ಮುನ್ನೂರು ಆಸನಗಳ ಜಾಗಕ್ಕೆ ಮುನ್ನೂರಿಪ್ಪತ್ತು ಜನರಾದರೆ, ಹೆಚ್ಚುವರಿ ಇಪ್ಪತ್ತು ಜನರಿಗಾಗಿ ಇನ್ನೂ ದೊಡ್ಡ ಸಭಾಂಗಣವನ್ನೇ ಹಿಡಿಯಬೇಕಾಗುತ್ತದೆ. ಆಮಂತ್ರಣ ಪತ್ರಗಳನ್ನಲ್ಲ, ಪ್ರತಿ ಮನೆಯಿಂದ ಬರುವ ತಲೆಗಳನ್ನು ಎಣಿಸಿ. ಸಮಾರಂಭ ಒಂದಕ್ಕಿಂತ ಹೆಚ್ಚಿದ್ದರೆ ಪ್ರತಿಯೊಂದಕ್ಕೂ ಪ್ರತ್ಯೇಕ ಸಂಖ್ಯೆ ಬರೆಯಿರಿ.

ಇಷ್ಟಾದ ಮೇಲೆ ದರ ವಿಚಾರಿಸಲು ಹೊರಡಿ. ಬಾಯಿಮಾತಿನ ದರ ಬಹುತೇಕ ಪೂರ್ಣ ದರವಾಗಿರುವುದಿಲ್ಲ. ತೆರಿಗೆ, ಸೇವಾ ಶುಲ್ಕ, ವಿದ್ಯುತ್, ಸ್ವಚ್ಛತೆ, ಸಾಗಣೆ, ನಿಗದಿತ ವೇಳೆ ಮೀರಿದರೆ ಗಂಟೆಗೆ ಎಷ್ಟು, ಹೊರಗಿನ ಅಡುಗೆಯವರನ್ನು ಕರೆತಂದರೆ ಶುಲ್ಕವಿದೆಯೆ ಎಂಬುದೆಲ್ಲ ಬರಹದಲ್ಲಿ ಬರಲಿ. ಊಟದ ಗುತ್ತಿಗೆಯಲ್ಲಿ ಕನಿಷ್ಠ ಎಲೆಗಳ ಸಂಖ್ಯೆಯೊಂದು ಇರುತ್ತದೆ. ಜನ ಅದಕ್ಕಿಂತ ಕಡಿಮೆ ಬಂದರೂ ಅಷ್ಟಕ್ಕೆ ಹಣ ತೆರಬೇಕು. ಆದ್ದರಿಂದ ಆ ಕನಿಷ್ಠ ಸಂಖ್ಯೆಯನ್ನು ಎಚ್ಚರಿಕೆಯಿಂದ ಒಪ್ಪಿಕೊಳ್ಳಿ. ದಿನಾಂಕ ಮುಂದೆ ಹೋದರೆ ಅಥವಾ ರದ್ದಾದರೆ ಮುಂಗಡದಲ್ಲಿ ಎಷ್ಟು ಮರಳುತ್ತದೆ ಎಂಬ ಷರತ್ತನ್ನು ಓದದೆ ಸಹಿ ಮಾಡಬೇಡಿ.

ಲಿಖಿತ ದರ ಸಿಕ್ಕ ಮೇಲೂ ಒಟ್ಟು ಮೊತ್ತದ ಶೇ. 10ರಷ್ಟನ್ನು ಯಾವ ಬಾಬ್ತಿಗೂ ಹಂಚದೆ ತೆಗೆದಿಡಿ. ಯಾವುದೇ ಕೆಲಸಕ್ಕೆ ಬೇಕಾಗುವ ಸಮಯವನ್ನೂ ಖರ್ಚನ್ನೂ ಮನುಷ್ಯರು ಸಹಜವಾಗಿಯೇ ಕಡಿಮೆ ಅಂದಾಜು ಮಾಡುತ್ತಾರೆ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್ಸ್ಕಿ 1979ರಲ್ಲೇ ಈ ಪ್ರವೃತ್ತಿಗೆ ‘ಯೋಜನಾ ಭ್ರಮೆ’ ಎಂಬರ್ಥದ ಹೆಸರು ಕೊಟ್ಟಿದ್ದರು. ಅದಕ್ಕೆ ಅವರು ಸೂಚಿಸಿದ ಪರಿಹಾರ ನಿಮಗೂ ಉಪಯೋಗಕ್ಕೆ ಬರುತ್ತದೆ: ಸ್ವಂತ ಊಹೆಯನ್ನು ಮಾತ್ರ ನಂಬದೆ, ಅಂಥದ್ದೇ ಕೆಲಸವನ್ನು ಮುಗಿಸಿದವರ ಅನುಭವದೊಂದಿಗೆ ಹೋಲಿಸಿ ನೋಡುವುದು. ಇತ್ತೀಚೆಗೆ ಮದುವೆಯಾದ ಇಬ್ಬರು ಮೂವರು ಆಪ್ತರನ್ನು ಕೇಳಿ. ಅವರು ಅಂದುಕೊಂಡದ್ದೆಷ್ಟು, ಕೊನೆಗೆ ಆದದ್ದೆಷ್ಟು, ಆ ವ್ಯತ್ಯಾಸ ಎಲ್ಲಿಂದ ಬಂತು ಎಂಬ ಉತ್ತರಗಳು ಯಾವ ಮಾದರಿ ಪಟ್ಟಿಗಿಂತಲೂ ಹೆಚ್ಚು ಕಲಿಸುತ್ತವೆ.

ಲೆಕ್ಕಕ್ಕೆ ಒಂದೇ ಹಾಳೆ ಸಾಕು. ಪ್ರತಿ ಬಾಬ್ತಿನ ಎದುರು ಅಂದಾಜು, ಒಪ್ಪಿದ ದರ, ಕೊಟ್ಟದ್ದು, ಬಾಕಿ ಮತ್ತು ಬಾಕಿಯ ದಿನಾಂಕ ಇರಲಿ. ಒಟ್ಟು ಹಣ ಸಾಕಷ್ಟಿದ್ದರೂ ಒಂದೇ ವಾರದಲ್ಲಿ ಮೂರು ಕಂತು ಬಂದರೆ ಕೈಗಡ ಕೇಳಬೇಕಾದೀತು. ದಿನಾಂಕದ ಅಂಕಣ ಇರುವುದು ಅದನ್ನು ಮುಂಚಿತವಾಗಿ ಕಾಣಲಿಕ್ಕೆ.

ಸಾಲದ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಬೇಡ. ವಾರ್ಷಿಕ ಶೇ. 12ರ ಬಡ್ಡಿಯಲ್ಲಿ 100 ಪಡೆದು, ಮೂರು ವರ್ಷಗಳ ಸಮಾನ ಮಾಸಿಕ ಕಂತುಗಳಲ್ಲಿ ತೀರಿಸಿದರೆ ನೀವು ಕಟ್ಟುವುದು ಸುಮಾರು 120. ಹೊಸ ಸಂಸಾರಕ್ಕೆ ಹಣ ಹೆಚ್ಚು ಬೇಕಾಗುವ ವರ್ಷಗಳಲ್ಲೇ ಆ ಕಂತು ಸಂಬಳವನ್ನು ಕಡಿತಗೊಳಿಸುತ್ತಿರುತ್ತದೆ. ಕೊರತೆ ಕಂಡುಬಂದರೆ ಮೊದಲು ಅತಿಥಿಗಳ ಪಟ್ಟಿಗೆ ಮರಳಿ, ಅನಂತರ ಒಂದು ಸಮಾರಂಭವನ್ನೇ ಕೈಬಿಡಲು ಸಾಧ್ಯವೇ ನೋಡಿ, ಅದೂ ಆಗದಿದ್ದರೆ ಬೇಡಿಕೆ ಕಡಿಮೆಯಿರುವ ವಾರದ ದಿನಕ್ಕೆ ಮದುವೆಯನ್ನು ಬದಲಿಸುವ ಬಗ್ಗೆ ಎರಡೂ ಮನೆಯವರೊಂದಿಗೆ ಚರ್ಚಿಸಿ. ಮುಂಗಡಗಳನ್ನು ಕೊಡುವ ಮುನ್ನ, ಅಂದರೆ ಈ ತಿಂಗಳೊಳಗೇ, ಈ ಮೂರನ್ನೂ ಪರಿಶೀಲಿಸುವುದು ಒಳ್ಳೆಯದು.