ಎರಡು ಚೀಲ ಅಡಿಕೆಯ ತೂಕ ಕೂಡಿದರೆ 6570 ಯಾಕೆ ಬರುತ್ತಿದೆ?

ಅಡಿಕೆ ತೂಕ ಕೂಡಲು ನೀವು ಪೈಥಾನ್ ಅನ್ನೋ ಕೋಡಿಂಗ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಕೂಡುತ್ತಿಲ್ಲ, ಅಂಟಿಸುತ್ತಿದೆ. 65 ಕೆಜಿ, 70 ಕೆಜಿ ಕೊಟ್ಟರೆ 135ರ ಬದಲು 6570 ಬರುತ್ತಿದೆ ಅಂದಿರಿ. ಇನ್‌ಪುಟ್ ಫಂಕ್ಷನ್ ನಾವು ಏನೇ ಟೈಪ್ ಮಾಡಿದರೂ ಅಕ್ಷರ ಅಂತಲೇ ತಗೊಳ್ಳುತ್ತದೆ. ಅಕ್ಷರಗಳ ನಡುವೆ ಪ್ಲಸ್ ಹಾಕಿದರೆ ಒಂದರ ಪಕ್ಕ ಒಂದು ಕೂರುತ್ತವೆ. ನೀವು ಕೋಡ್ ಹಾಕಿಲ್ಲ, ಹಾಗಾಗಿ ಪೂರ್ತಿ ಖಾತ್ರಿಯಿಲ್ಲ. ಆದರೆ ಆ ಉತ್ತರ ನೋಡಿದರೆ ಇದೇ ಇರಬೇಕು.

ಮೊದಲು ಎರಡೂ ಇನ್‌ಪುಟ್‌ಗಳನ್ನು ಫ್ಲೋಟ್‌ನ (ಅಕ್ಷರವನ್ನು ದಶಮಾಂಶ ಸಂಖ್ಯೆ ಮಾಡುವ ಫಂಕ್ಷನ್) ಬ್ರಾಕೆಟ್ ಒಳಗೆ ಹಾಕಿ. ಇಂಟ್ ಬೇಡ, ಅದು ಪೂರ್ಣ ಸಂಖ್ಯೆಗೆ ಮಾತ್ರ, 65.5 ಕೊಟ್ಟ ಕೂಡಲೇ ತಕರಾರು ತೆಗೆಯುತ್ತದೆ. ಆಮೇಲೆ ರನ್ ಮಾಡಿ ಬರೀ ಸಂಖ್ಯೆ ಕೊಡಿ. ಜೊತೆಗೆ ಕೆಜಿ ಅಂತ ಬರೆದರೆ ವ್ಯಾಲ್ಯೂ ಎರರ್ ಬರುತ್ತದೆ. ಬಂದರೂ ಗಾಬರಿ ಬೇಡ, ಕೆಂಪು ಬರಹದ ಕೊನೆಯ ಸಾಲು ಮೊದಲು ಓದಿ. ಏನಾಯಿತು ಅಂತ ಅಲ್ಲೇ ಬರೆದಿರುತ್ತದೆ. ಅಂದ ಹಾಗೆ, ಕನ್ನಡದ ೬೫ ಕೊಟ್ಟರೂ ಫ್ಲೋಟ್ ಅದನ್ನು 65 ಅಂತಲೇ ಓದುತ್ತದೆ. ಮಾಡಿ ನೋಡಿ, ಖುಷಿಯಾಗುತ್ತದೆ.

ತೀರ್ಥಹಳ್ಳಿ ಮಳೆಗೆ ನೆಟ್ ಹೋಗಿ ಪಾಠದ ವಿಡಿಯೋ ನಿಲ್ಲುತ್ತದೆ ಅಂದಿದ್ದೀರಿ. ವಿಂಡೋಸ್‌ನಲ್ಲಿ ಪೈಥಾನ್ ಜೊತೆಗೇ ಬರುವ, ಕೋಡ್ ಬರೆದು ರನ್ ಮಾಡುವ ಐಡಲ್‌ಗೆ ನೆಟ್ ಬೇಕಿಲ್ಲ. ಆ ಹೊತ್ತಲ್ಲೇ ಸ್ವಂತ ಬರೆಯಿರಿ, ನೋಡುವುದಕ್ಕಿಂತ ಜಾಸ್ತಿ ಕಲಿಯುತ್ತೀರಿ.

ಬಿಎ ಓದಿದವಳಿಗೆ ಇದೆಲ್ಲ ಆಗಲ್ವೇನೋ ಅಂದಿರಲ್ಲ, ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. 6570 ತಪ್ಪು ಅಂತ ಹಿಡಿದವರು ನೀವೇ ಅಲ್ವಾ? ಈ ಕೆಲಸದಲ್ಲಿ ದಿನವೂ ಮಾಡುವುದು ಅದನ್ನೇ.

135.0 ಬಂದ ಮೇಲೆ ಕ್ವಿಂಟಾಲ್ ದರ ಕೇಳಿ ಒಟ್ಟು ಹಣ ತೋರಿಸುವ ಸಾಲು ಸೇರಿಸಿ. ಕ್ವಿಂಟಾಲ್ ಅಂದರೆ 100 ಕೆಜಿ, ಹಾಗಾಗಿ ತೂಕವನ್ನು 100ರಿಂದ ಭಾಗಿಸಿ ದರದಿಂದ ಗುಣಿಸಬೇಕು. ಇನ್ನೂ 6570 ಬಂದರೆ ಕೋಡ್ ಇಲ್ಲೇ ಹಾಕಿ, ನೋಡೋಣ.