ಕತ್ತಿಯ ಬಾಯಿ ಹಾರುವುದೇಕೆ?

ಪ್ರಶ್ನೆ: ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ನಮ್ಮೂರ ಕಮ್ಮಾರರು ಮಾಡಿಕೊಟ್ಟ ಕತ್ತಿ ತೋಟದ ಕೆಲಸದಲ್ಲಿ ಬೇಗ ಮೊಂಡಾಗುತ್ತದೆ. ಗಡಸು ಹೆಚ್ಚೆಂದು ತರಿಸಿದ ಜಪಾನಿ ಮಾದರಿಯ ಅಡುಗೆ ಚಾಕುವಿನಿಂದ ತೆಂಗಿನಕಾಯಿ ಒಡೆಯಲು ಹೋದರೆ ಅಂಚಿನಿಂದ ಚಕ್ಕೆ ಹಾರಿತು. ಎರಡಕ್ಕೂ ಒದಗುವ ಉಕ್ಕು ಯಾವುದು? – ಓದುಗರು, ಸಾಗರ

ಉತ್ತರ: ಉಕ್ಕಿನ ಹೆಸರು ಕೇಳುವ ಮೊದಲು ಹಾಳಾದ ಅಂಚನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಅಂಚು ಒಂದು ಬದಿಗೆ ಮಡಚಿಕೊಂಡು ಗೆರೆಯಂತೆ ಹೊಳೆಯುತ್ತಿದ್ದರೆ ಅಲಗು ಮೆದುವಾಗಿದೆ, ಇಲ್ಲವೇ ಬಾಯಿಯನ್ನು ಅತಿ ತೆಳ್ಳಗೆ ಸಾಣೆ ಹಿಡಿಯಲಾಗಿದೆ. ಚಕ್ಕೆ ಹಾರಿ ಹಲ್ಲು ಹಲ್ಲಾಗಿದ್ದರೆ ಆ ಕೆಲಸಕ್ಕೆ ಗಡಸು ಮೀರಿದೆ, ಇಲ್ಲವೇ ಅಲ್ಲಿಯೂ ಬಾಯಿ ತೆಳುವಾಗಿದೆ. ಎರಡು ದೋಷಗಳಿಗೂ ತೆಳುವಾದ ಬಾಯಿ ಕಾರಣವಾಗಬಲ್ಲದು ಎಂಬುದನ್ನು ಉಕ್ಕಿನ ಚರ್ಚೆಯಲ್ಲಿ ನಾವು ಮರೆಯುತ್ತೇವೆ.

ಲೆಕ್ಕ ಹಾಕಿ ನೋಡಿ. ಪ್ರತಿ ಬದಿಗೆ 15 ಡಿಗ್ರಿಯಂತೆ ಸಾಣೆ ಹಿಡಿದ ಅಲಗು ತುದಿಯಿಂದ 1 ಮಿ.ಮೀ. ಹಿಂದೆ ಸುಮಾರು 0.54 ಮಿ.ಮೀ. ದಪ್ಪವಿರುತ್ತದೆ, 25 ಡಿಗ್ರಿಗೆ ಏರಿಸಿದರೆ 0.93 ಮಿ.ಮೀ. ಬಾಗದೆ ನಿಲ್ಲುವ ಬಿಗಿ ದಪ್ಪದ ಘನಕ್ಕೆ ಅನುಗುಣವಾಗಿರುವುದರಿಂದ ಆ ಜಾಗದಲ್ಲಿ ಅದು ಐದು ಪಟ್ಟಾಗುತ್ತದೆ. ಉಕ್ಕು ಬದಲಿಸಿ ಇಷ್ಟು ಲಾಭ ಪಡೆಯಲಾಗದು, ಏಕೆಂದರೆ ಗಡಸು ಎಷ್ಟೇ ಇರಲಿ, ದಪ್ಪ ಬದಲಾಗದಿದ್ದರೆ ಉಕ್ಕಿನ ಈ ಬಿಗಿ ಹೆಚ್ಚುಕಡಿಮೆ ಒಂದೇ.

ನಿಮ್ಮ ಜಪಾನಿ ಮಾದರಿಯ ಚಾಕುವಿನದು ತಪ್ಪೇನೂ ಅಲ್ಲ. ಅಂಥ ಚಾಕುಗಳ ಗಡಸು ರಾಕ್‌ವೆಲ್ ಸಿ ಮಾಪಕದಲ್ಲಿ ಸಾಮಾನ್ಯವಾಗಿ 60ರ ಆಚೆಗಿದ್ದು, ತರಕಾರಿ, ಮೀನುಗಳನ್ನು ತೆಳ್ಳಗೆ ಹೆಚ್ಚುವುದಕ್ಕೆಂದೇ ಅವುಗಳ ಬಾಯಿಯನ್ನು ತೆಳುಗೊಳಿಸಲಾಗಿರುತ್ತದೆ. ಚಿಪ್ಪಿನ ಪೆಟ್ಟನ್ನು ಅದು ತಾಳಲಾರದು. ಶೇ. 0.6ರ ಆಸುಪಾಸು ಇಂಗಾಲವಿರುವ ಸ್ಪ್ರಿಂಗ್ ಪಟ್ಟಿಯಾದರೋ ಪೆಟ್ಟು ತಿನ್ನುವ ಕತ್ತಿಗೆ ಒಳ್ಳೆಯ ಉಕ್ಕೇ. ದೋಷ ಹದದಲ್ಲಿ, ಅಂದರೆ ಕಾಯಿಸಿ ಅದ್ದಿ ಮತ್ತೆ ತುಸು ಬಿಸಿಮಾಡಿ ಗಡಸನ್ನು ಹೊಂದಿಸಿದ ರೀತಿಯಲ್ಲಿ, ಇರಬಹುದು. ಅಂಚಿಗೆ ಹೊಸ ಅರವನ್ನು ಉಜ್ಜಿ ನೋಡಿ: ಬೆಣ್ಣೆಯಂತೆ ಕೊರೆದರೆ ಹದ ಇಳಿದಿದೆ, ಗಾಜಿನ ಮೇಲಿನಂತೆ ಜಾರಿದರೆ ಅತಿಯಾಗಿದೆ, ತುಸು ಬಲ ಹಾಕಿದಾಗ ಹಿಡಿದರೆ ಸರಿ. ಇಳಿದಿದ್ದರೆ ಮತ್ತೆ ಕಾಯಿಸಿ, ನೀರಿನ ಬದಲು ಎಣ್ಣೆಯಲ್ಲಿ ಅದ್ದಿ, ಬಾಯಿ ಕಂದು ಬಣ್ಣಕ್ಕೂ ಬೆನ್ನು ನೀಲಿಗೂ ತಿರುಗುವಂತೆ ಹದ ಹಾಕಿಕೊಡಲು ಕಮ್ಮಾರರನ್ನು ಕೇಳಿ. ಎರಡೂ ಕೆಲಸಕ್ಕೆ ಒಂದೇ ಆಯುಧದ ಆಸೆಯನ್ನು ಮಾತ್ರ ಬಿಡಬೇಕು.

ಪ್ರಶ್ನೆ: ಗ್ರೈಂಡರಿಗೆ ಹಿಡಿದಾಗ ಉಳಿಯ ತುದಿ ನೀಲಿಯಾಯಿತು. ಬಣ್ಣ ಉಜ್ಜಿ ತೆಗೆದರೆ ಸಾಕೇ? – ಬಡಗಿ, ಹಾಸನ

ಉತ್ತರ: ಸಾಲದು. ನೀಲಿ ಬಣ್ಣ ಬಂದಿದೆಯೆಂದರೆ ಅಲ್ಲಿನ ಬಿಸಿ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ. ಬಣ್ಣ ಮೇಲ್ಮೈಯಲ್ಲಷ್ಟೇ ಇದ್ದರೂ ಅದರ ಕೆಳಗಿನ ಉಕ್ಕಿನ ಗಡಸು ಇಳಿದಿರುತ್ತದೆ. ನೀಲಿಯಾದಷ್ಟು ಉದ್ದವನ್ನು ಆಗಾಗ ನೀರಿಗೆ ಅದ್ದುತ್ತ ಪೂರ್ತಿ ಸವೆಸಿ ತೆಗೆದು, 25 ಡಿಗ್ರಿ ಕೋನದಲ್ಲಿ ಹೊಸ ಬಾಯಿ ಕಟ್ಟಿ, ತುದಿಯನ್ನಷ್ಟೇ ಸಾಣೆಕಲ್ಲಿನ ಮೇಲೆ 30 ಡಿಗ್ರಿ ಕೋನದಲ್ಲಿ ಮಸೆಯಿರಿ. ಹೈಸ್ಪೀಡ್ ಸ್ಟೀಲಿನ ಡ್ರಿಲ್‌ಗೆ ಈ ಭಯವಿಲ್ಲ. ಅದಕ್ಕೆ ಹದ ಹಾಕುವುದೇ 550 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ.